ಆಗ್ಲಪ್ಪ ಹೊತ್ತ ಹೊಣೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ಈ ಬದಿಯವರಿಗೆ ಆ ಬದಿ ಇದೆಯೋ ಇಲ್ಲವೋ ಎಂಬುದು ನಂಬಿಕೆಯ ವಿಷಯವಾಗಿಬಿಟ್ಟಿತ್ತು. ದೀಪದ ಕಂಬಗಳಿಗೆ ಸೊಂಟದಿಂದ ಮೇಲೆ ಮೈಯಿರಲಿಲ್ಲ. ಯಾರಾದರೂ ಕೆಮ್ಮಿದರೆ ಮೊದಲು ಕೆಮ್ಮು ಬಂದು ಆಮೇಲೆ ಮನುಷ್ಯ ಬರುತ್ತಿದ್ದ. ಒಮ್ಮೊಮ್ಮೆ ಕೆಮ್ಮು ಮಾತ್ರ ಬಂದು ಮನುಷ್ಯ ಬರುತ್ತಲೇ ಇರಲಿಲ್ಲ. ಲೋಕವನ್ನು ಒಂದು ಸಲ ಅಳಿಸಿ ಮತ್ತೆ ಬರೆಯೋಣವೇ ಎಂದು ಭಗವಂತ ಯೋಚಿಸುವ ಬೆಳಗುಗಳು ವರ್ಷಕ್ಕೆ ಒಂದೆರಡಾದರೂ ಇರುತ್ತವೆ. ಈ ಸಲ ಅವನು ಬೇರೆಲ್ಲವನ್ನೂ ಹಾಗೆಯೇ ಬಿಟ್ಟು ಎರಡೇ ಎರಡು ಗೀಟುಗಳನ್ನು ಅಳಿಸಿದ. ಅವು ಆಗ್ಲಪ್ಪನ ಹೊಸ ಬೋರ್ಡಿನ ಮೇಲಿದ್ದವು.

ಆಗ್ಲಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಯಾರು ಏನು ಕೇಳಿದರೂ “ಆಗ್ಲಪ್ಪ, ಅದನ್ನ ನನಗೆ ಬಿಟ್ಬಿಡಿ” ಅನ್ನುವುದು ಅವನ ನಾಲಿಗೆಯ ಚಾಳಿ. ಬಿಟ್ಟವರೆಲ್ಲ ಆಮೇಲೆ ತಲೆ ಚಚ್ಚಿಕೊಂಡದ್ದು ಬೀದಿಯ ಇತಿಹಾಸ. ಪಕ್ಕದ ಮನೆಯವರು ಪರಸ್ಥಳಕ್ಕೆ ಹೋಗುವಾಗ ಗಿಡಗಳಿಗೆ ನೀರು ಹಾಕಲು ಹೇಳಿದರೆ, ಅದರಾಚೆ ಮನೆಯ ಪ್ಲಾಸ್ಟಿಕ್ ಗಿಡಗಳಿಗೆ ಭಕ್ತಿಯಿಂದ ನೀರೆರೆದು, ಒಂದೆಲೆಯೂ ಬಾಡಲಿಲ್ಲವೆಂದು ಎದೆ ತಟ್ಟಿಕೊಂಡಿದ್ದ. ದರ್ಜಿಯ ತಾಯಿಯನ್ನು ರೈಲು ಹತ್ತಿಸಲು ಹೋದವನು ಸೀಟು ಹಿಡಿಯುವ ಭರದಲ್ಲಿ ತಾನೇ ಹತ್ತಿ ಹೊರಟುಹೋದ; ಮುದುಕಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವನಿಗೆ ಕೈ ಬೀಸಿದಳು.

ಹೆಂಡತಿಯ ಅಣ್ಣ, ಅಂದರೆ ಕಬ್ಬಿಣದ ಸಾಮಾನಿನ ಅಂಗಡಿಯ ಯಜಮಾನ, ಇದನ್ನೆಲ್ಲ ನೋಡಿ ನೋಡಿ ಕಡೆಗೊಂದು ಮಾತು ಹೇಳಿದ್ದ.

“ಈ ವಾರದೊಳಗೆ ಒಂದೇ ಒಂದು ಕೆಲಸ ವಹಿಸ್ಕೊಂಡು ಕೊನೆ ಮುಟ್ಟಿಸು, ನೋಡೋಣ. ಇಲ್ಲಾಂದ್ರೆ ಇಬ್ರೂ ಬಂದು ನಮ್ಮ ಗೋದಾಮಿನ ಹಿಂದಿನ ಕೋಣೇಲಿರಿ. ನೀನು ಮೊಳೆ ತೂಗು, ಇವಳು ನಮ್ಮನೆ ಪಾತ್ರೆ ತೊಳೀಲಿ.”

ಪಾತ್ರೆಯ ಮಾತು ಬಂದಾಗ ಹೆಂಡತಿ ತಲೆ ತಗ್ಗಿಸಿದಳು. ಹಾಕಿಕೊಂಡ ಚಪ್ಪಲಿಯನ್ನೂ ಮರೆಯುವ ಆಗ್ಲಪ್ಪನಿಗೆ ಆ ತಗ್ಗಿದ ತಲೆಯೊಂದು ಮರೆತುಹೋಗಲಿಲ್ಲ.

ಅದಕ್ಕೇ ಮನೆಯ ಮುಂದಿನ ಕೋಣೆಯನ್ನು ಅಂಗಡಿ ಮಾಡಿದ. ಅಲ್ಲಿ ಏನನ್ನೂ ಮಾರುವುದಿಲ್ಲ; ಕಂಡವರ ಕೆಲಸವನ್ನು ವಹಿಸಿಕೊಳ್ಳುವುದು, ಅಷ್ಟೇ. ಸಾಲಿನಲ್ಲಿ ನಿಲ್ಲುವುದು, ಸಾಮಾನು ಸಾಗಿಸುವುದು, ಕೆಟ್ಟ ಗಡಿಯಾರ ಕೊಂಡೊಯ್ಯುವುದು, ಇಂಥವು. ಆದರೆ ಬೋರ್ಡಿಗೆ ಇಂಗ್ಲಿಷಿನಲ್ಲೊಂದು ತೂಕದ ಹೆಸರು ಬೇಕೆಂಬ ಆಸೆ ಅವನನ್ನು ಹಿಡಿಯಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಇಟ್ಟಿಗೆಯಷ್ಟು ದಪ್ಪದ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಒರೆಸಿದರು.

“ಅಂಡರ್‌ಟೇಕರ್. ಅಂಡರ್‌ಟೇಕ್ ಅಂದ್ರೆ ವಹಿಸ್ಕೊಳ್ಳೋದು, ಹೊಣೆ ಹೊರೋದು. ಹಾಗೆ ಹೊರೋನು ಅಂಡರ್‌ಟೇಕರ್. ಹಿಂದೆ ಕಟ್ಟಡ ಕಟ್ಟಿಸೋನು, ಪುಸ್ತಕ ಅಚ್ಚು ಹಾಕಿಸೋನು, ನಾಟಕ ಆಡಿಸೋನು, ಎಲ್ರೂ ಅಂಡರ್‌ಟೇಕರುಗಳೇ. ಘನವಾದ ಶಬ್ದ ಕಣಯ್ಯ.”

“ಬೇರೆ ಅರ್ಥ ಏನಾದ್ರೂ ಇದ್ಯಾ ಮೇಷ್ಟ್ರೇ?”

“ಎರಡು ಅಂತ ಅಂಕಿ ಹಾಕಿದಾನೆ, ನೋಡೇಬಿಡೋಣ” ಎಂದು ಮೇಷ್ಟ್ರು ಬೆರಳನ್ನು ಕೆಳಗಿಳಿಸುವಷ್ಟರಲ್ಲಿ ಕಾಫಿ ಬಂತು. ನಿಘಂಟು ಮುಚ್ಚಿತು.

ಈಗಿನ ಕಾಲದಲ್ಲಿ ಆ ಶಬ್ದವನ್ನು ಸತ್ತವರನ್ನು ಮಣ್ಣಿಗೆ ಮುಟ್ಟಿಸುವ ಉದ್ಯೋಗದವನಿಗೆ ಮಾತ್ರ ಮೀಸಲಿಟ್ಟಿದ್ದಾರೆಂಬುದು ಆ ಎರಡನೆಯ ಅರ್ಥದಲ್ಲಿತ್ತು. ಒಂದು ಲೋಟ ಕಾಫಿ ಎಷ್ಟು ಜನರ ದಾರಿ ತಿರುಗಿಸುತ್ತದೆಂದು ಅದನ್ನು ಕಾಯಿಸಿದವರಿಗೆ ಎಂದಾದರೂ ತಿಳಿದೀತೇ?

ಬೋರ್ಡು ಬರೆಯುವವನು ಮೇಲೆ ಇಂಗ್ಲಿಷಿನಲ್ಲಿ ಆ ಒಂದು ಶಬ್ದವನ್ನು ದಪ್ಪಗೆ ಬರೆದ. ಕೆಳಗೆ ಕನ್ನಡದಲ್ಲಿ, ಆಗ್ಲಪ್ಪ ಹೇಳಿದಂತೆಯೇ, “ಎಲ್ಲಾ ತರದ ಹೊಣೆ ಹೊರಲಾಗುವುದು. ಚಿಕ್ಕದು ದೊಡ್ಡದೆಂಬ ಭೇದವಿಲ್ಲ” ಎಂದು ಬರೆದು, “ಒಂದು ಬಿಸಿಲು ಬೀಳೋ ತನಕ ಹೊರಗೆ ಹಾಕ್ಬೇಡಿ” ಎಂದು ಹೇಳಿಹೋದ. ಆಗ್ಲಪ್ಪ ಆಗಲಿ ಎಂದ, ಮರೆತ, ಸಂಜೆಯೇ ನೇತುಹಾಕಿದ. ರಾತ್ರಿಯೆಲ್ಲ ಮಂಜು ಹನಿಹನಿಯಾಗಿ ಬೋರ್ಡಿನ ಮೇಲೆ ಹರಿದಾಡಿತು. ಬೆಳಗಾಗುವಷ್ಟರಲ್ಲಿ ‘ಹೊಣೆ’ಯ ‘ಹೊ’ ಅಕ್ಷರದ ಬಾಲ ಕರಗಿ ‘ಹೆ’ ಉಳಿದಿತ್ತು. ‘ಣೆ’ಯ ತಲೆಯ ಮೇಲಿನ ಕೊಕ್ಕೆ ಇಳಿದುಹೋಗಿ ಬರಿಯ ‘ಣ’ ನಿಂತಿತ್ತು. ಮಿಕ್ಕ ಒಂದಕ್ಷರಕ್ಕೂ ಕುಂದು ಬಂದಿರಲಿಲ್ಲ. ಇಂಗ್ಲಿಷ್ ಬಲ್ಲವರು ಮೇಲಿನ ಸಾಲು ಓದಿ ನಿಂತರು. ಬಾರದವರು ಕೆಳಗಿನ ಸಾಲು ಓದಿ ಓಡಿದರು. ಆಗ್ಲಪ್ಪನಾದರೋ ಮನೆಯ ಒಳಬಾಗಿಲಿನಿಂದ ಬಂದು ನೇರವಾಗಿ ಬೋರ್ಡಿನ ಕೆಳಗೇ ಕೂತ. ಬೋರ್ಡಿನ ಕೆಳಗೆ ಕೂತವನಿಗೆ ಬೋರ್ಡು ಕಾಣಿಸುವುದಿಲ್ಲ.

ಮಂಜಿನೊಳಗಿಂದ ಹೆಜ್ಜೆಗಳು ಬರುತ್ತಿದ್ದವು, ಅಂಗಡಿಯ ಮುಂದೆ ನಿಲ್ಲುತ್ತಿದ್ದವು, ಆಮೇಲೆ ಬಂದ ಕಡೆಗೇ ತಿರುಗುತ್ತಿದ್ದವು. ಮುಖವಿರಲಿಲ್ಲ, ಬರೀ ಹೆಜ್ಜೆ. ಕಡೆಗೆ ಇಬ್ಬರು ಹೆಂಗಸರು ಅಸ್ಪಷ್ಟವಾಗಿ ಮೂಡಿದರು.

“ಪಾಪ. ಯಾರಾದ್ರೂ ಮಾಡ್ಲೇಬೇಕಲ್ವೇ ಇದನ್ನ” ಎಂದಳು ಒಬ್ಬಳು.

“ಹೌದಮ್ಮ, ಯಾರಾದ್ರೂ ಮಾಡ್ಲೇಬೇಕು” ಎಂದ ಆಗ್ಲಪ್ಪ ಎದ್ದು ಕೈ ಮುಗಿದು. “ನಿಮ್ಮನೇಲಿ ಏನಾದ್ರೂ ಇದ್ರೆ ಹೇಳಿ. ಇವತ್ತಿಲ್ದಿದ್ರೆ ನಾಳೆ. ಮನೆಗೇ ಬರ್ತೀನಿ.”

ಹೆಂಗಸರು ಇದ್ದ ಜಾಗದಲ್ಲಿ ಮಂಜು ಮಾತ್ರ ಉಳಿಯಿತು.

ಪಕ್ಕದ ಕೋಣೆ ಡಾಕ್ಟರರ ಚಿಕಿತ್ಸಾಲಯ. ಔಷಧಿಯ ಚೀಟಿ ಹಿಡಿದು ಹೊರಬಂದ ರೋಗಿಗೆ ಮೊದಲು ಕಾಣುವುದೇ ಆಗ್ಲಪ್ಪನ ಬೋರ್ಡು. ಮೂವರು ರೋಗಿಗಳು ಅದನ್ನು ಓದಿ ಮತ್ತೆ ಒಳಗೆ ಓಡಿ “ಡಾಕ್ಟ್ರೇ, ಇನ್ನೊಂದು ಸಲ ಸರಿಯಾಗಿ ನೋಡಿ” ಎಂದು ಮಲಗಿಬಿಟ್ಟರು. ಡಾಕ್ಟರು ಕೊರಳಿನ ಕೊಳವೆಯ ಸಮೇತ ಹೊರಬಂದರು.

“ನೋಡಪ್ಪ, ನಾನೂ ನೀನೂ ಹೀಗೆ ಗೋಡೆಗೆ ಗೋಡೆ ಇರೋದು ಚೆನ್ನಾಗಿ ಕಾಣಲ್ಲ.”

“ಯಾಕೆ ಡಾಕ್ಟ್ರೇ, ಅನುಕೂಲ ತಾನೇ? ನಿಮ್ಮ ಕೈಲಾಗದ್ದು ನನ್ನ ಹತ್ರ ಬರುತ್ತೆ.”

ಡಾಕ್ಟರು ಕೊಳವೆಯನ್ನು ಕೊರಳಿನಿಂದ ತೆಗೆದು ಜೇಬಿಗೆ ತುರುಕಿದರು.

“ನನ್ನ ಹತ್ರ ಬಂದೋರು ಮತ್ತೆ ನಿಮ್ಮ ಹತ್ರ ಬರೋ ಪ್ರಸಂಗವೇ ಇರಲ್ಲ” ಎಂದ ಆಗ್ಲಪ್ಪ, ಪಕ್ಕದವರ ಹೊಟ್ಟೆಪಾಡಿಗೆ ತಾನು ಅಡ್ಡಬರುವವನಲ್ಲ ಎಂಬ ಭರವಸೆ ಕೊಡುವವನಂತೆ. “ಅಷ್ಟು ಅಚ್ಚುಕಟ್ಟಾಗಿ ಮುಗಿಸ್ತೀನಿ.”

ಮಧ್ಯಾಹ್ನದ ಹೊತ್ತಿಗೆ ನಗರಸಭೆಯಿಂದ ಪರವಾನಗಿ ಸಾಹೇಬರು ಬಂದರು. ದೂರು ಹೋಗಿತ್ತು. ಅವರು ಒಳಗೆ ಬರದೆ ಹೊಸ್ತಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ವಿಚಾರಣೆ ಮಾಡಿದರು.

“ಸಾಗಿಸೋಕೆ ಗಾಡಿ ಇದ್ಯೇನ್ರಿ?”

“ಸದ್ಯಕ್ಕೆ ಸೈಕಲ್ ಇದೆ ಸಾರ್. ಚಿಕ್ಕದಾದ್ರೆ ಹಿಂದೆ ಕ್ಯಾರಿಯರ್ ಮೇಲೆ. ತೀರಾ ದೊಡ್ಡದಾದ್ರೆ ಎರಡು ಸಲ ಓಡಾಡ್ತೀನಿ.”

“ಎರಡು ಸಲ.”

“ಬಿಚ್ಚಿದ್ರೆ ಬರುತ್ತಲ್ಲ ಸಾರ್. ಹೋಗಿ ಮತ್ತೆ ಜೋಡಿಸ್ಕೊಟ್ರಾಯ್ತು.”

ಸಾಹೇಬರ ಕರವಸ್ತ್ರ ಮೂಗಿನಿಂದ ಹಣೆಗೆ ಏರಿತು. “ಒಂದೆರಡು ದಿನ ಕಾದಿಡಬೇಕಾಗಿ ಬಂದ್ರೆ?”

“ಅಡುಗೆಮನೇಲಿ ಇಟ್ಕೋತೀನಿ, ಅಲ್ಲಿ ತಂಪಿದೆ. ಹೆಂಡತಿ ಏನೂ ಅನ್ನಲ್ಲ, ಅವಳಿಗೆ ಅಭ್ಯಾಸ.”

“ವಾರಸುದಾರರು ಬರದೇ ಹೋದ್ರೆ?”

ಆಗ್ಲಪ್ಪ ಸ್ವಲ್ಪ ಯೋಚಿಸಿದ. ಪ್ರಾಮಾಣಿಕವಾಗಿರಬೇಕು ಅನ್ನಿಸಿತು. “ಸುಮ್ನೆ ಹಾಳು ಮಾಡೋದ್ಯಾಕೆ ಸಾರ್. ನಾವೇ ಉಪಯೋಗಿಸ್ಕೋತೀವಿ.”

ಸಾಹೇಬರು ಸರಕ್ಕನೆ ತಿರುಗಿದರು. ಅವರು ಓಡಿದ ಸದ್ದು ಬಹಳ ಹೊತ್ತು ಕೇಳಿಸಿತು; ಮಂಜಿನಲ್ಲಿ ದಾರಿ ತಪ್ಪಿ ಅದೇ ಅಂಗಡಿಯ ಮುಂದೆ ಇನ್ನೊಂದು ಸಲ ಹಾದುಹೋದರು, ಆಗ ಇನ್ನೂ ಜೋರಾಗಿ.

ಸಂಜೆಯ ಬೆಳಕು ಮಂಜಿನೊಳಗೆ ಹಾಲಿಗೆ ಬೂದಿ ಕದಡಿದ ಹಾಗೆ ಆಗಿದ್ದಾಗ ಒಬ್ಬ ಮುದುಕರು ಬಂದರು. ಹೆಜ್ಜೆಯ ಸದ್ದು ಮೊದಲು ಬರಲಿಲ್ಲ. ತಲೆಯೆತ್ತಿದರೆ ಬೆಂಚಿನ ಮೇಲೆ ಕೂತೇ ಇದ್ದರು. ಇಸ್ತ್ರಿ ಮಾಡಿದ ಹಳೆಯ ಕೋಟು, ಒಗೆದು ಬಿಳುಪಾದ ಅಂಗಿ. ಆಚೆಯ ಓಣಿಯ ಕೊನೆಯ ಮನೆಯವರು, ವರ್ಷಗಳಿಂದ ಒಂಟಿ. ಬೀದಿಯವರು ಅವರನ್ನು ಗಡಿಯಾರದ ಅಜ್ಜ ಅನ್ನುತ್ತಿದ್ದರು, ಒಂದು ಕಾಲಕ್ಕೆ ಗಡಿಯಾರ ರಿಪೇರಿ ಮಾಡುತ್ತಿದ್ದರೆಂದು.

“ಬೋರ್ಡ್ ಓದಿ ಬಂದೆ” ಎಂದರು. “ನೇರವಾಗಿ ಬರೆದಿದೀಯ. ಒಳ್ಳೇದು. ಜನ ಸುತ್ತಿ ಬಳಸಿ ಹೇಳ್ತಾರೆ.”

ಇಡೀ ದಿನದಲ್ಲಿ ಮೊದಲ ಗಿರಾಕಿ. ಆಗ್ಲಪ್ಪನಿಗೆ ಕಣ್ಣು ತುಂಬಿ ಬಂತು. “ಹೇಳಿ ಅಜ್ಜ, ಏನು ಸಾಗಿಸ್ಬೇಕು?”

“ನಾಳೆ ಬೆಳಿಗ್ಗೆ ಬಾ. ಬಾಗಿಲು ತೆಗೆದಿರುತ್ತೆ.”

“ಸಾಮಾನು ಎಷ್ಟಿದೆ?”

“ಒಂದೇ.”

“ಭಾರನಾ?”

“ಈಗ ಅಷ್ಟೇನಿಲ್ಲ. ಮೊದಲು ಇತ್ತು.”

“ಒಡೆಯೋ ಸಾಮಾನಾ ಅಜ್ಜ? ಹುಷಾರಾಗಿ ಹಿಡೀಬೇಕಾ?”

ಮುದುಕರು ನಕ್ಕರು. “ಒಡೆಯೋದು ಏನಿದ್ರೂ ಅಷ್ಟೊತ್ತಿಗೆ ಒಡೆದಿರುತ್ತೆ. ಊರಾಚೆ ಕಲ್ಲಿನ ಗೇಟು ಗೊತ್ತಲ್ಲ, ಅದರೊಳಗೆ, ದೊಡ್ಡ ಮರದ ಕೆಳಗೆ. ನನ್ನ ಹೆಂಡತಿ ಇರೋದು ಅಲ್ಲೇ. ಅವಳ ಪಕ್ಕಕ್ಕೇ ಮುಟ್ಟಿಸ್ಬೇಕು. ಬೇರೆ ಎಲ್ಲೋ ಮೂಲೇಲಿ ಹಾಕಿ ಬರಬಾರದು.”

“ಅಲ್ಲಿ ಇಳಿಸ್ಕೊಳ್ಳೋಕೆ ಯಾರಾದ್ರೂ ಇರ್ತಾರಾ?”

“ಇರ್ತಾಳೆ. ಬಹಳ ದಿನದಿಂದ ಕಾಯ್ತಿದಾಳೆ.”

ಆಮೇಲೆ ಕೋಟಿನ ಜೇಬಿನಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಹಿತ್ತಾಳೆಯದು, ಹಿಡಿದು ಹಿಡಿದು ಅಂಚು ಸವೆದಿತ್ತು.

“ಮನೆ ಅವಳದು. ಅವಳಪ್ಪ ಅವಳಿಗೆ ಕೊಟ್ಟಿದ್ದು. ಹೋಗುವಾಗ ಇದನ್ನ ನನ್ನ ಕೈಗೆ ಕೊಟ್ಟು, ಇಟ್ಕೊಂಡಿರಿ, ಆಮೇಲೆ ಈಸ್ಕೋತೀನಿ ಅಂದ್ಲು. ನಾನು ಅವಳಿಗೆ ಕೊಡಬೇಕಾದ್ದು ಇದೊಂದೇ ಬಾಕಿ. ಅವಳ ಕೈಗೇ ಕೊಡು.”

“ಗುರುತು ಹೆಂಗೆ ಹಿಡೀಲಿ ಅಜ್ಜ?”

“ಅವಳೇ ಕೈ ಚಾಚ್ತಾಳೆ. ಎಡಗೈ. ಅವಳು ಎಡಚಿ.” ಮುದುಕರು ಎದ್ದರು. “ವಹಿಸ್ಕೊಂಡೆ ತಾನೇ? ನೀನು ಮರೀತೀಯ ಅಂತ ಜನ ಹೇಳ್ತಾರೆ.”

“ಆಗ್ಲಿ ಅಜ್ಜ. ನನಗೆ ಬಿಟ್ಬಿಡಿ” ಎಂದ ಆಗ್ಲಪ್ಪ, ಬೀಗದ ಕೈಯನ್ನು ಜೇಬಿಗಿಳಿಸುತ್ತಾ.

“ಬಿಟ್ಟೆ” ಎಂದರು ಮುದುಕರು, ನಿಜವಾಗಿಯೂ ಏನನ್ನೋ ಕೆಳಗಿಟ್ಟವರ ಹಾಗೆ ಉಸಿರು ಬಿಟ್ಟು. ಅವರು ಎದ್ದ ಬೆಂಚು ತಣ್ಣಗಿತ್ತು.

ಊಟಕ್ಕೆ ಕೂತಾಗ ಆಗ್ಲಪ್ಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೆಂಡತಿಯ ಸೌಟು ಅರ್ಧಕ್ಕೇ ನಿಂತಿತು.

“ಕಲ್ಲಿನ ಗೇಟಿನ ಒಳಗಡೆ ಅಂದ್ರಾ? ಅಲ್ಲಿ ಮನೆಗಳೇ ಇಲ್ವಲ್ಲ.”

“ಹೊಸ ಬಡಾವಣೆ ಇರ್ಬೇಕು ಕಣೆ.”

ಅವಳು ಸೌಟಿನಲ್ಲಿದ್ದುದನ್ನು ಅವನ ತಟ್ಟೆಗೆ ಬಡಿಸಿದಳು. ಕೆಲಸ ಸಿಕ್ಕ ಗಂಡನ ಮುಖವನ್ನು ಅವಳು ನೋಡಿ ಬಹಳ ಕಾಲವಾಗಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಮರುದಿನ ಹಗ್ಗ, ಹಳೆಯ ಕೌದಿ, ಸೈಕಲ್ಲು ಹಿಡಿದು ಆಗ್ಲಪ್ಪ ಹಿಂಬಾಗಿಲಿನಿಂದಲೇ ಹೊರಟ. ಮಂಜು ಇನ್ನೂ ಎದ್ದಿರಲಿಲ್ಲ. ಹೇಳಿದ್ದಂತೆ ಬಾಗಿಲು ತೆರೆದಿತ್ತು. ಮನೆ ಗುಡಿಸಿ ಒರೆಸಿದಂತಿತ್ತು. ಗೋಡೆಯ ತುಂಬ ಗಡಿಯಾರಗಳು; ಒಂದೂ ನಡೆಯುತ್ತಿರಲಿಲ್ಲ. ಲೋಟ ತೊಳೆದು ಬೋರಲು ಹಾಕಿತ್ತು. ಬಾಗಿಲ ಕಡೆಗೆ ಮುಖ ಮಾಡಿ ಒಂದು ಜೊತೆ ಬೂಟು. ಮುದುಕರು ಅದೇ ಕೋಟು ತೊಟ್ಟು ಮಂಚದ ಮೇಲೆ ನೆಟ್ಟಗೆ ಮಲಗಿದ್ದರು.

ನಿದ್ದೆ ಕೆಡಿಸುವುದು ಬೇಡವೆಂದು ಆಗ್ಲಪ್ಪ ಚಪ್ಪಲಿ ಕೈಲಿ ಹಿಡಿದು ತುದಿಗಾಲಲ್ಲಿ ಸಾಮಾನು ಹುಡುಕತೊಡಗಿದ. ಅಡುಗೆಮನೆ ಖಾಲಿ. ಹಿತ್ತಿಲು ಖಾಲಿ. ಮಂಚದ ಕೆಳಗೂ ಬಗ್ಗಿ ನೋಡಿದ. “ಒಂದೇ ಅಂದಿದ್ರಲ್ಲ, ಎಲ್ಲಿಟ್ರಪ್ಪ” ಎಂದು ಗೊಣಗಿ, ಕಡೆಗೆ ಬೇರೆ ದಾರಿ ಕಾಣದೆ ಮುದುಕರ ಕೈ ಮೆಲ್ಲಗೆ ಮುಟ್ಟಿ, “ಅಜ್ಜ, ಸಾಮಾನು ಯಾವುದು?” ಎಂದು ಕೇಳಿದ.

ಕೈ ಉತ್ತರ ಕೊಟ್ಟಿತು.

ಸೈಕಲ್ಲನ್ನು ಅಲ್ಲೇ ಬಿಟ್ಟು ಅವನು ಓಡಿ ಬಂದಾಗ ಬೀದಿಯಲ್ಲಿ ಮಂಜು ಒಂದಾಳಿನಷ್ಟು ಎತ್ತರಕ್ಕೆ ಎದ್ದಿತ್ತು. ಆಗ ಮೊದಲ ಸಲ ತನ್ನ ಬೋರ್ಡನ್ನು ಎದುರಿನಿಂದ ಓದಿದ. ಎಲ್ಲಾ ತರದ ಹೆಣ ಹೊರಲಾಗುವುದು. ಚಿಕ್ಕದು ದೊಡ್ಡದೆಂಬ ಭೇದವಿಲ್ಲ. ಇನ್ನೊಂದು ಸಲ ಓದಿದ. ನೆನ್ನೆಯ ಮಾತುಗಳೆಲ್ಲ ಒಂದೊಂದಾಗಿ ಬಂದು ಅವನ ಎದುರು ಸಾಲಾಗಿ ನಿಂತವು. ಅಡುಗೆಮನೆಯ ಮಾತು ಎಲ್ಲಕ್ಕಿಂತ ಮುಂದೆ ನಿಂತಿತು.

ಬೋರ್ಡು ಕಿತ್ತು ಹಾಕಿಸಲೆಂದು ಸಾಹೇಬರು ಬಂದಿದ್ದರು. ಡಾಕ್ಟರಿದ್ದರು. ಕಬ್ಬಿಣದ ಅಂಗಡಿಯ ಭಾವನೂ ಇದ್ದ, ಆಗಲೇ ಏಣಿ ತಂದಿದ್ದ. ಆಗ್ಲಪ್ಪ ತೊದಲುತ್ತಾ ವಿಷಯ ಹೇಳಿದ. ಡಾಕ್ಟರು ಹೋಗಿ ನೋಡಿ ಬಂದು, “ಬೆಳಗಿನ ಜಾವ ಹೋಗಿದಾರೆ. ಶಾಂತವಾಗಿ” ಎಂದರು.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಯಾರಾದ್ರೂ ಹೊಣೆ ಹೊತ್ರೆ ಸರಿ. ಇಲ್ಲಾಂದ್ರೆ ನಮ್ಮ ಗಾಡಿ ಬರುತ್ತೆ, ಆ ಕಡೆ ಗೋಡೆ ಮಗ್ಗುಲ ಅನಾಥರ ಸಾಲಿನಲ್ಲಿ ಹಾಕ್ತಾರೆ.”

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಆಗ್ಲಪ್ಪನೂ ಸರಿದ, ಹಿಂದೆ ಮೇಷ್ಟ್ರಿದ್ದರು, ಅವರ ಕಾಲು ತುಳಿದ.

“ಏ, ನಡಿ ಒಳಗೆ” ಎಂದ ಭಾವ, ಏಣಿ ಒರಗಿಸುತ್ತಾ. “ಬೋರ್ಡ್ ನಾನಿಳಿಸ್ತೀನಿ. ಊರಿನ ಹೆಣಕ್ಕೆಲ್ಲ ನೀನ್ಯಾಕೆ ಹೆಗಲು ಕೊಡ್ತೀಯ. ನಾಳೆಯಿಂದ ಮೊಳೆ ತೂಗೋಕೆ ಬಾ.”

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಅಣ್ಣನನ್ನು ನೋಡಲಿಲ್ಲ.

“ರೀ, ಅವರು ಕೇಳಿದಾಗ ನೀವು ಆಗ್ಲಿ ಅಂದ್ರಾ?”

“ನಾನು ಸಾಮಾನು ಅನ್ಕೊಂಡೆ ಕಣೆ.”

“ಅದಲ್ಲ ನಾನು ಕೇಳಿದ್ದು. ಆಗ್ಲಿ ಅಂದ್ರಾ, ಇಲ್ವಾ?”

“ಅಂದೆ.”

“ಮತ್ತೆ ನಿಂತಿದೀರಲ್ಲ.”

ಆಗ್ಲಪ್ಪ ಬಹಳ ಹೊತ್ತು ಬೋರ್ಡು ನೋಡಿದ. ಆಮೇಲೆ ಭಾವನ ಕಡೆ ತಿರುಗಿ, “ಆ ಏಣಿ ಕೊಡಿ ಭಾವ. ಮಲಗಿಸೋಕೆ ಸರಿಯಾಗುತ್ತೆ” ಎಂದ.

ಏಣಿಗೆ ನಾಲ್ಕು ಮೂಲೆ. ಒಂದಕ್ಕೆ ಆಗ್ಲಪ್ಪ. ಏಣಿ ತನ್ನದೆಂಬ ಕಾರಣಕ್ಕೆ ಬಿಟ್ಟುಕೊಡಲಾರದೆ ಇನ್ನೊಂದಕ್ಕೆ ಭಾವ. ತನ್ನ ಕೈಲಾಗದ್ದು ಪಕ್ಕದವನ ಹತ್ತಿರ ಬರುತ್ತದೆಂಬ ಮಾತು ನೆನ್ನೆಯಿಂದ ಕೊರೆಯುತ್ತಿದ್ದ ಡಾಕ್ಟರು ಮೂರನೆಯದಕ್ಕೆ. ನಾಲ್ಕನೆಯದಕ್ಕೆ ಯಾರೂ ಇಲ್ಲದೆ ಎಲ್ಲರೂ ಸಾಹೇಬರನ್ನು ನೋಡಿದರು. ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟು ಬಂದರು. ನಾಲ್ವರದೂ ನಾಲ್ಕು ಎತ್ತರ. ಏಣಿ ಒಂದು ಕಡೆಗೆ ವಾಲಿತು, ಸರಿಯಾಯಿತು, ಇನ್ನೊಂದು ಕಡೆಗೆ ವಾಲಿತು.

“ಭಾರವೇ ಇಲ್ವಲ್ಲ” ಎಂದ ಭಾವ, ಮೆಲ್ಲಗೆ.

“ಮೊದಲು ಇತ್ತಂತೆ” ಎಂದ ಆಗ್ಲಪ್ಪ.

ಅವರ ಮುಂದೆ ಕೋಲೂರಿಕೊಂಡು ಮೇಷ್ಟ್ರು. ದಾರಿಯುದ್ದಕ್ಕೂ, ತಮ್ಮ ತಪ್ಪಿಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುವವರಂತೆ, ಎರಡನೆಯ ಅರ್ಥವನ್ನು ವಿವರಿಸಿದರು.

“ಮೊದಲು ಎಲ್ಲಾ ಕೆಲಸ ವಹಿಸ್ಕೊಳ್ಳೋರಿಗೂ ಅದೇ ಹೆಸರಿತ್ತು. ಆಮೇಲೆ ಜನಕ್ಕೆ ಈ ಕೆಲಸದ ಹೆಸರು ಹೇಳೋಕೆ ಬಾಯಿ ಬರಲಿಲ್ಲ. ನಾಚಿಕೆಯೋ, ಭಯವೋ. ‘ಅದನ್ನ ವಹಿಸ್ಕೊಳ್ಳೋನು’ ಅಂದ್ರು. ‘ಅದು’ ಅಂದ್ರೆ ಯಾವುದು ಅಂತ ಎಲ್ರಿಗೂ ಗೊತ್ತಿತ್ತು. ಹಾಗೇ ಅಂದೂ ಅಂದೂ ಬೇರೆ ಕೆಲಸದೋರೆಲ್ಲ ಆ ಹೆಸರು ಬಿಟ್ಟು ಓಡಿಹೋದ್ರು. ಶಬ್ದ ಸತ್ತೋರ ಜೊತೆಗೇ ನಿಂತ್ಬಿಡ್ತು.”

“ಪಾಪ” ಎಂದರು ಸಾಹೇಬರು. ಶಬ್ದಕ್ಕೆ ಅಂದರೋ, ಹೆಗಲ ಮೇಲಿದ್ದವರಿಗೆ ಅಂದರೋ ತಿಳಿಯಲಿಲ್ಲ.

ಕಲ್ಲಿನ ಗೇಟಿನ ಒಳಗೆ ಮಂಜು ಇನ್ನೂ ಹಾಗೆಯೇ ಕೂತಿತ್ತು, ಯಾರದೋ ದಾರಿ ಕಾಯುವವರ ಹಾಗೆ. ದೊಡ್ಡ ಮರ, ಅದರ ಕೆಳಗೆ ಪಾಚಿ ಹಿಡಿದ ಕಲ್ಲು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ. ಅಗೆಯುವವರು ಅಗೆದರು. ಗಡಿಯಾರದ ಅಜ್ಜ ಕೋಟಿನ ಸಮೇತ, ಹೇಳಿದ ಜಾಗಕ್ಕೇ, ಹೇಳಿದ ಪಕ್ಕಕ್ಕೇ ಇಳಿದರು. ಮಣ್ಣು ಮುಚ್ಚಿತು. ಭಾವ ತನ್ನ ಏಣಿಯನ್ನು ಹೆಗಲಿಗೇರಿಸಿಕೊಂಡು, ಆಗ್ಲಪ್ಪನ ಬೆನ್ನ ಮೇಲೊಮ್ಮೆ ಕೈಯಿಟ್ಟು ತೆಗೆದ. ಎಲ್ಲರೂ ಕೈ ತೊಳೆಯಲು ಗೇಟಿನ ಹತ್ತಿರದ ನಲ್ಲಿಯ ಕಡೆ ನಡೆದರು. ಅವರ ಮಾತು ಸ್ವಲ್ಪ ದೂರದವರೆಗೆ ಕೇಳಿಸಿ ಆರಿಹೋಯಿತು.

ಆಗ್ಲಪ್ಪನೂ ಹೊರಟವನು, ಮಣ್ಣಾದ ಕೈ ಒರೆಸಲು ಜೇಬಿನಲ್ಲಿ ಬಟ್ಟೆ ತಡಕಾಡಿದ. ಬೆರಳಿಗೆ ಹಿತ್ತಾಳೆ ಸಿಕ್ಕಿತು.

ಮರೆತೇಬಿಟ್ಟಿದ್ದ. ಕೆಲಸ ಮುಗಿಯಿತೆಂದು ಮನೆಯ ಕಡೆ ಮುಖ ಮಾಡಿದ್ದ. ಇಷ್ಟು ದಿನ ಕೈಗೆತ್ತಿಕೊಂಡ ಕೆಲಸಗಳೆಲ್ಲ ಹೀಗೆಯೇ, ಕೊನೆಯ ಒಂದು ಹೆಜ್ಜೆ ಇರುವಾಗಲೇ ಜಾರಿಹೋಗಿದ್ದವು. ಅವನು ನಿಂತ. ಹೊಸ ಮಣ್ಣಿನ ಕಡೆಗೆ ತಿರುಗಿದ. ಕಲ್ಲಿನ ಮೇಲಿಟ್ಟು ಬರಲೇ ಎಂದುಕೊಂಡ. ಕೈಗೇ ಕೊಡು ಅಂದಿದ್ದರು. ಮುದುಕರ ಜೊತೆಗೇ ಇಡಬೇಕಿತ್ತೇ ಎಂದುಕೊಂಡ, ಮಣ್ಣು ಮುಚ್ಚಿಯಾಗಿತ್ತು.

ಮರದ ಬುಡದಲ್ಲಿ ಯಾರೋ ಕೂತಿದ್ದರು. ಶಾಲು ಹೊದ್ದ ವಯಸ್ಸಾದ ಹೆಂಗಸು. ಮುಖದ ಮೇಲೆ ಮಂಜಿತ್ತು. ತಡವಾಗಿ ಬಂದವರನ್ನು ಬೈಯದೆ ಸುಮ್ಮನೆ ನೋಡುವವರ ಹಾಗೆ ಅವನ ಕಡೆಗೆ ತಿರುಗಿದ್ದಳು. ಅವಳು ಏನೂ ಕೇಳಲಿಲ್ಲ. ಶಾಲಿನೊಳಗಿಂದ ಎಡಗೈ ಹೊರಬಂತು, ಚಾಚಿತು.

ಆಗ್ಲಪ್ಪನಿಗೆ ಹೆದರಿಕೆಯಾಗಬೇಕಿತ್ತು. ಅದನ್ನೂ ಮರೆತ. ಹತ್ತಿರ ಹೋಗಿ, ಬಗ್ಗಿ, ಬೀಗದ ಕೈಯನ್ನು ಅಂಗಿಯ ಚುಂಗಿನಿಂದ ಒಮ್ಮೆ ಒರೆಸಿ, ಆ ಅಂಗೈಯ ಮೇಲಿಟ್ಟ.